ಕಚ್ಚಾ ರಸ್ತೆಗೆ ಕಚ್ಚಾ ಎಣ್ಣೆ

ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಕಟ್ಟಿದವನು ನಮ್ಮ ಮನೆತನದವನೇ ಇರಬೇಕೆಂದು ನನಗೆ ಬಹಳ ದಿನಗಳ ಅನುಮಾನ. ಎರಡು ರುಮಾಲು ಮುಂದಿಟ್ಟು ಒಂದನ್ನು ಆರಿಸು ಎಂದರೆ, ಆರಿಸಲಾಗದೆ ಬರಿತಲೆಯಲ್ಲೇ ಮದುವೆಗೆ ಹೋಗಿಬಂದವನು ನಾನು. ಇದನ್ನು ನಾನು ದೂರಾಲೋಚನೆ ಎಂದು ತಿಳಿದಿದ್ದೆ. ಅವ್ವ ಇದಕ್ಕೆ ಬೇರೆ ಹೆಸರಿಟ್ಟಿದ್ದಳು. ಅದನ್ನು ಇಲ್ಲಿ ಬರೆಯುವಂತಿಲ್ಲ. ಆದರೆ ಒಂದು ಮಳೆಗಾಲವಿಡೀ ಒಂದು ಎಂಜಿನ್ ಆರಿಸುತ್ತ ಕುಳಿತದ್ದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಮಹಾಯುದ್ಧ ಮುಗಿದ ಹೊಸತು. ಹಾನಗಲ್ಲಿನಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ. ನನ್ನ ಹೆಂಡತಿ ನೀಲವ್ವ ಚೊಚ್ಚಲ ಹೆರಿಗೆಗೆಂದು ತವರೂರಾದ ತಿಳವಳ್ಳಿಗೆ ಹೋಗಿದ್ದಳು. ನಮ್ಮೂರಿಂದ ಅದು ನಾಲ್ಕು ಹರದಾರಿ. ಹೋಗುವಾಗ ಚಕ್ಕಡಿಯ ಕುಲುಕಾಟಕ್ಕೆ ಅವಳು ಬಹಳ ನರಳಿದ್ದಳು. ಆದ್ದರಿಂದ ಮಗಳನ್ನು ತೊಟ್ಟಿಲಿಗೆ ಹಾಕಿ ಗೌರಿ ಎಂದು ಹೆಸರಿಟ್ಟ ದಿನ, ಹೋಳಿಗೆ ಊಟದ ಹುರುಪಿನಲ್ಲಿ, ಬೀಗರೆಲ್ಲರ ಎದುರು ನಾನು ಸಾರಿಬಿಟ್ಟೆ: “ಐದನೇ ತಿಂಗಳಿಗೆ ಇವರಿಬ್ಬರ್ನೂ ಕರಕೊಂಡು ಹೋಗೂದು ಚಕ್ಕಡ್ಯಾಗಲ್ಲ, ಮೋಟಾರಿನ್ಯಾಗ!” ಮಾವ ಎಲೆ ಅಡಿಕೆ ಜಗಿಯುತ್ತ, “ಮಳೆಗಾಲದಾಗ ಆ ರಾಡ್ಯಾಗ ಮೋಟಾರು ಬರತೈತೇನ್ರಿ ಅಳಿಯಂದ್ರ?” ಎಂದು ನಕ್ಕರು. ಆ ನಗೆ ನನ್ನ ಎದೆಗೆ ನಾಟಿತು. ಮಗಳು ಆಗ ನಿದ್ದೆಯಲ್ಲಿದ್ದಳು. ಅವಳ ಕಣ್ಣು ಯಾರಂತಿವೆ ಎಂದು ನೋಡಲೂ ಆಗದೆ ಊರಿಗೆ ಮರಳಿದೆ.

ಮಿಲಿಟರಿಯವರು ಹರಾಜು ಹಾಕಿದ್ದ ಒಂದು ಜೀಪು ಸವಣೂರಿನ ಎಲೆ ವ್ಯಾಪಾರಿಯೊಬ್ಬನ ತೋಟದಲ್ಲಿ ಬಿದ್ದಿತ್ತು. ನಾಲ್ಕೂ ಗಾಲಿ ದುಡಿಯುವ ಗಾಡಿ, ಕೆಸರು ಹಳ್ಳ ಯಾವುದಕ್ಕೂ ಅಂಜುವುದಿಲ್ಲ ಎಂದು ಕೇಳಿದ್ದೆ. ಎಲ್ಲ ಇತ್ತು, ಎಂಜಿನ್ ಮಾತ್ರ ಇರಲಿಲ್ಲ. ಕೊಂಡು, ಎರಡು ಜೊತೆ ಎತ್ತು ಕಟ್ಟಿ ಹಾನಗಲ್ಲಿಗೆ ಎಳೆಸಿ ತಂದೆ. ದಾರಿಯುದ್ದಕ್ಕೂ ಜನ ಹೊರಗೆ ಬಂದು ನೋಡಿದರು. ನಾನು ಜೀಪಿನಲ್ಲಿ ಕುಳಿತು ಗಂಭೀರವಾಗಿ ಸ್ಟಿಯರಿಂಗ್ ಚಕ್ರ ತಿರುಗಿಸುತ್ತಿದ್ದೆ.

ಈಗ ಯಾವ ಎಂಜಿನ್ ಕೂಡಿಸುವುದು? ಡೀಸೆಲ್ ಎಂಬ ಮಾತು ಆಗ ಸಾಹೇಬರ ಬಾಯಲ್ಲಿ ಮಾತ್ರ ಇತ್ತು. ಗಿರಣಿಯ ಎಂಜಿನ್ ಕುಡಿಯುವುದನ್ನು ನಾವು ಕಚ್ಚಾ ಎಣ್ಣೆ ಎನ್ನುತ್ತಿದ್ದೆವು. ಗಿರಣಿ ರಿಪೇರಿಗೆ ಬರುತ್ತಿದ್ದ ಸವಣೂರಿನ ಇಮಾಮಸಾಬ ಮಿಸ್ತ್ರಿ ಜೀಪಿನ ಸುತ್ತ ಮೂರು ಸುತ್ತು ಹಾಕಿ ಹೇಳಿದ: “ಕಚ್ಚಾ ರಸ್ತೇಕ್ಕ ಕಚ್ಚಾ ಎಣ್ಣೀನ ಬೇಕ್ರಿ ಸಾವ್ಕಾರ್ರ. ಪೆಟ್ರೋಲು ಪಕ್ಕಾ ರಸ್ತೇದ ಮಾಲು. ರಾಡ್ಯಾಗ ಇಳದ್ರ ಅದಕ್ಕ ನಾಚಿಕಿ ಬರತೈತಿ.”

ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ನನಗೆ ಈ ಮಾತು ಅತ್ಯಂತ ಶಾಸ್ತ್ರೀಯವಾಗಿ ಕಂಡಿತು. ಆದರೆ ಅದರಲ್ಲೇ ಒಂದು ತೊಡಕೂ ಕಂಡಿತು. ತಿಳವಳ್ಳಿಯ ರಸ್ತೆ ನಮ್ಮೂರು ಬಿಟ್ಟ ಮೊದಲ ಮೈಲಿ ಖಡಿ ಹಾಕಿದ ಪಕ್ಕಾ ರಸ್ತೆ, ಆಮೇಲಷ್ಟೇ ಕಚ್ಚಾ. ಆ ಒಂದು ಮೈಲಿಗೆ ಏನು ಮಾಡುವುದು? ಇದನ್ನು ನೆರೆಮನೆಯ ಗುರಪ್ಪ ಮಾಸ್ತರರ ಮುಂದಿಟ್ಟೆ. ಅವರು ಪೆಟ್ರೋಲ್ ಪಕ್ಷದವರು. “ಗಿರಣಿ ಎಂಜಿನ್ ಜೀಪಿನ್ಯಾಗ ಕೂಡಿಸಿದ್ರ ಹೆಂಡತಿ ಮಗಳು ಮನಿ ಮುಟ್ಟೂದ್ರಾಗ ಹಿಟ್ಟಾಗಿರತಾರ್ರಿ,” ಎಂದರು. ಪೆಟ್ರೋಲ್ ಎನ್ನೋಣವೆಂದರೆ ಅದಕ್ಕೆ ಸರಕಾರದ ರೇಷನ್ ಕೂಪನ್ನು ಬೇಕು. ಕಚ್ಚಾ ಎಣ್ಣೆ ಎನ್ನೋಣವೆಂದರೆ ಎಂಜಿನ್ ಆನೆಭಾರ. ಬೆಳಿಗ್ಗೆ ಮಿಸ್ತ್ರಿಯ ಮಾತು ಸರಿ ಎನಿಸುವುದು, ಸಂಜೆ ಮಾಸ್ತರರದು. ಅವ್ವ ಮಾತ್ರ ದಿನವೂ ಒಂದೇ ಮಾತು ಹೇಳುತ್ತಿದ್ದಳು: “ಚಕ್ಕಡಿ ಕಟ್ಟಸೋ ತಮ್ಮಾ.” ಹೆಂಗಸರಿಗೆ ಎಂಜಿನ್ ವಿಷಯ ತಿಳಿಯುವುದಿಲ್ಲವೆಂದು ನಾನು ಎದ್ದು ಜೀಪಿನ ಕಡೆ ನಡೆಯುತ್ತಿದ್ದೆ.

ನಡುನಡುವೆ ನೀಲವ್ವನ ಕಾರ್ಡುಗಳು ಬರುತ್ತಿದ್ದವು. ಗೌರಿ ಬೋರಲು ಬಿದ್ದಳು ಎಂದು ಬರೆದಳು. ಪೆಟ್ರೋಲಿನ ಕೂಪನ್ನಿಗೆ ಅರ್ಜಿ ಹಾಕಿದ್ದೇನೆ ಎಂದು ನಾನು ಬರೆದೆ. ಗೌರಿ ನಗುತ್ತಾಳೆ, ನಕ್ಕರೆ ಎಡಗೆನ್ನೆಯಲ್ಲಿ ಕುಳಿ ಬೀಳುತ್ತದೆ ಎಂದು ಬರೆದಳು. ಕಚ್ಚಾ ಎಣ್ಣೆಯ ಗುಣಗಳನ್ನು ನಾನು ಕಾರ್ಡಿನ ಎರಡೂ ಬದಿಗೆ ಬರೆದು, ವಿಳಾಸಕ್ಕೆ ಜಾಗ ಸಾಲದೆ ಇನ್ನೊಂದು ಕಾರ್ಡು ತಂದೆ. ಐದನೇ ತಿಂಗಳು ಬಂತು, ಹೋಯಿತು. ಹೊರಗೆ ಮಳೆ ಹಿಡಿದುಕೊಂಡಿತ್ತು. ನನಗೆ ಅವರಿಬ್ಬರೂ ಬೇಕಾಗಿದ್ದರು. ಊಟಕ್ಕೆ ಕುಳಿತರೆ, ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳದೆಯೇ ಹಾಕುವ ಕೈ ಇರಲಿಲ್ಲ. ಗಿರಣಿಗೆ ಬಂದ ಹೆಂಗಸರ ಕಂಕುಳಲ್ಲಿ ಕೂಸು ಕಂಡರೆ ಎಡಗೆನ್ನೆ ನೋಡುತ್ತಿದ್ದೆ. ಗಿರಣಿ ನಿಂತ ಮೇಲೆ ಎಂಜಿನ್ ಇಲ್ಲದ ಆ ಜೀಪಿನಲ್ಲಿ ಹೋಗಿ ಕುಳಿತು, ಪಕ್ಕದ ಸೀಟನ್ನು ಧೋತರದ ಚುಂಗಿನಿಂದ ಒರೆಸಿಡುತ್ತಿದ್ದೆ.

ದೀಪಾವಳಿಗೆ ಎಂಟು ದಿನವಿರುವಾಗ ಒಂದು ಮಧ್ಯಾಹ್ನ ಬಾಗಿಲಲ್ಲಿ ಚಕ್ಕಡಿ ನಿಂತಿತು. ನೀಲವ್ವ ಇಳಿದಳು. ಸೀರೆಯ ಅಂಚು ಮೊಳಕಾಲವರೆಗೆ ಕೆಸರು; ಎರಡು ಕಡೆ ಗಾಲಿ ಹೂತುಹೋದಾಗ ಕೂಸನ್ನೆತ್ತಿಕೊಂಡು ನಡೆದಿದ್ದಳಂತೆ. ನಾನು ಕೈಚಾಚಿದೆ. ಮಗಳು ನನ್ನ ಮೀಸೆ ನೋಡಿ ಕಿಟಾರನೆ ಕಿರುಚಿ ತಾಯಿಯ ಹೆಗಲಲ್ಲಿ ಮುಖ ಮುಚ್ಚಿಕೊಂಡಳು. ನೀಲವ್ವ ಬೈಯಲಿಲ್ಲ. ಅಂಗಳದ ಜೀಪನ್ನು ಒಮ್ಮೆ ನೋಡಿ, “ಎಂಜಿನ್ ಸಿಕ್ತೇನ್ರಿ?” ಎಂದಳು.

“ಇನ್ನೂ ವಿಚಾರ ಮಾಡಾಕತ್ತೇನಿ. ಕಚ್ಚಾ ಎಣ್ಣೀದೋ, ಪೆಟ್ರೋಲಿಂದೋ…”

“ಹೌದ್ರಿ? ನಿಮ್ಮ ಕಾಲು ಯಾವ ಎಣ್ಣೀ ಮ್ಯಾಲ ನಡೀತಾವ್ರಿ?”

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಾಲ್ಕು ಹರದಾರಿ ಎಂದರೆ ಬೆಳಗಿನಿಂದ ಸಂಜೆಯವರೆಗಿನ ನಡಿಗೆ. ಸಂತೆಗೆಂದು ಮುದುಕಿಯರೂ ನಡೆದು ಬರುವ ದಾರಿ ಅದು. ಇಡೀ ಮಳೆಗಾಲದಲ್ಲಿ ಒಮ್ಮೆಯೂ ನನಗೆ ಅದು ಹೊಳೆದಿರಲಿಲ್ಲ.

ಮಗಳು ಎಂಟು ದಿನ ನನ್ನ ಹತ್ತಿರ ಸುಳಿಯಲಿಲ್ಲ. ಮೀಸೆ ತೆಗೆಸುವುದೋ ಬೇಡವೋ ಎಂದು ಪಡಸಾಲೆಯಲ್ಲಿ ಕುಳಿತು ವಿಚಾರ ಮಾಡುತ್ತಿದ್ದೆ. ಇನ್ನೂ ತೀರ್ಮಾನಕ್ಕೆ ಬಂದಿರಲಿಲ್ಲ. ಅಷ್ಟರಲ್ಲಿ ಅವಳೇ ಆ ತುದಿಯಿಂದ ಅಂಬೆಗಾಲಿಡುತ್ತ, ನಡುವೆ ಎರಡು ಸಲ ಮುಗ್ಗರಿಸಿ, ಬಂದು ನನ್ನ ಧೋತರ ಹಿಡಿದಳು. ಹೋಗಬೇಕಾಗಿದ್ದವನು ನಾನು, ಬಂದವಳು ಅವಳು.