ಸಂಜೆಯ ಹಳದಿ ಲಾರಿಯವರು ಸ್ವಲ್ಪ ತಡವಾಗಿ ಬರಬೇಕೆಂದು ಮೀನುಕೊಳದ ಓಣಿಯ ದೂರು

ಹೊಂಗ್‌ಲಿನ್ ಪಟ್ಟಣದ ಸಂಜೆ ಪಾಳಿಯ ಹಳದಿ ಕಸದ ಲಾರಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ಮೀನುಕೊಳದ ಓಣಿಯ ಮೂಲೆಯಲ್ಲಿ ಬೆಳಗಿನ ತಿಂಡಿಯ ಅಂಗಡಿ ಇಟ್ಟುಕೊಂಡಿರುವ, ಮೊಟ್ಟೆ ದೋಸೆಗೆ ಈರುಳ್ಳಿ ಸೊಪ್ಪು ಉದುರಿಸುವುದರಲ್ಲಿ ಮಹಾ ಜಿಪುಣಿಯೆಂದು ಹೆಸರಾಗಿರುವ ಪೆಂಗ್ ಯುವೆ-ಚಿನ್ ಎಂಬ ನಾನು ತಲೆಬಾಗಿ ಮಾಡುವ ವಂದನೆಗಳು. ತಮ್ಮ ಬ್ರೇಕುಗಳು ಕ್ಷೇಮವೇ? ತಮ್ಮ ಹಿಂಬದಿಯ ದವಡೆ ಈಚೆಗೆ ಕಿರುಗುಟ್ಟುತ್ತಿದೆಯಲ್ಲ, ಅದಕ್ಕೆ ಯಾರಾದರೂ ಎಣ್ಣೆ ಹಾಕಿದರೇ? ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಮನ್ನಿಸಬೇಕು. ಲಕೋಟೆಯಲ್ಲಿಟ್ಟು ತಮ್ಮ ಕೈಗೇ ಕೊಟ್ಟರೆ ತಾವು ಓದದೆ ನುಂಗಿಬಿಡುತ್ತೀರೆಂಬ ಭಯ ನನಗಿದೆ.

ತಾವು ದಿನಾ ಸಂಜೆ ಅದೇ ರಾಗ ನುಡಿಸುತ್ತಾ ನಮ್ಮ ಓಣಿಗೆ ಬರುತ್ತೀರಿ. ಮಳೆ ಇರಲಿ, ಭೂಮಿ ನಡುಗಲಿ, ತಾವು ತಡ ಮಾಡಿದ್ದಿಲ್ಲ. ಶಾಲೆಯಲ್ಲಿ ಸಂಗೀತದ ಮೇಷ್ಟರು ಪಿಯಾನೋದಲ್ಲಿ ಆ ರಾಗ ಶುರು ಮಾಡಿದೊಡನೆ ನನ್ನ ಮೊಮ್ಮಗಳು ಎದ್ದು ಚೀಲ ಹುಡುಕಿದಳಂತೆ. ಕಸ ನೆಲ ಮುಟ್ಟಬಾರದು, ಅವರವರ ಚೀಲವನ್ನು ಅವರವರೇ ಲಾರಿಯೊಳಗೆ ಹಾಕಬೇಕು ಎಂಬ ಕಾನೂನನ್ನು ತಲೆಯ ಮೇಲೆ ಹೊತ್ತುಕೊಂಡ ನಾವು, ಅಜ್ಜಿಯರು, ಗುಮಾಸ್ತರು, ಹೊಸ ಸೊಸೆಯರು, ಎಲ್ಲರೂ ಚೀಲ ಹಿಡಿದು ಬೀದಿಯಲ್ಲಿ ನಿಂತು ತಮ್ಮ ದಾರಿ ಕಾಯುತ್ತೇವೆ. ನನ್ನ ದೂರು ಇಷ್ಟೇ: ತಾವು ತೀರಾ ಸರಿಯಾದ ಹೊತ್ತಿಗೆ ಬರುತ್ತೀರಿ, ಬಂದವರು ಒಂದು ಗಳಿಗೆಯೂ ನಿಲ್ಲುವುದಿಲ್ಲ. ನಮ್ಮ ಊರಿನ ನೆಲದ ವಿಚಾರವನ್ನು ಊರಿನವರು ನಿಜವಾಗಿ ಕುಳಿತು, ಅಲ್ಲ, ನಿಂತು ಮಾತಾಡುವುದು ಹಾಗೆ ಚೀಲ ಹಿಡಿದು ಕಾಯುವ ಹೊತ್ತಿನಲ್ಲಿ ಮಾತ್ರ ಎಂಬುದು ತಮ್ಮ ಗಮನಕ್ಕೆ ಬಂದಿಲ್ಲ.

ಪಟ್ಟಣ ಕಚೇರಿಯವರು ತಮ್ಮಷ್ಟು ಜಾಣರಲ್ಲ, ಏನು ಮಾಡುವುದು. ಓಣಿಯ ಮಧ್ಯದಲ್ಲಿರುವ ನಮ್ಮ ಹಳೆಯ ತರಕಾರಿ ಮಾರುಕಟ್ಟೆಯನ್ನು ಕೆಡವಿ ಅಲ್ಲಿ ಕಾರು ನಿಲ್ಲಿಸುವ ಆರಂತಸ್ತಿನ ಕಟ್ಟಡ ಕಟ್ಟುವುದು, ಮಾರುಕಟ್ಟೆಯನ್ನು ಊರಾಚೆ ಹೆದ್ದಾರಿಯ ಪಕ್ಕದ ಹೊಲಗಳಿಗೆ ಸಾಗಿಸುವುದು ಎಂಬ ಭವ್ಯ ಯೋಜನೆ ಹಾಕಿ, ಜನರ ಅಭಿಪ್ರಾಯ ಕೇಳಲು ವಾರದ ನಡುವೆ ಬೆಳ್ಳಂಬೆಳಿಗ್ಗೆ, ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲಿ, ಸಭೆ ಕರೆದರು. ಯಾರೂ ಹೋಗಲಿಲ್ಲ. ಯಾರೂ ಹೋಗದ ಕಾರಣ ಯಾರ ಆಕ್ಷೇಪವೂ ಇಲ್ಲವೆಂದು ಬರೆದುಕೊಂಡರು.

ಆ ಹೆದ್ದಾರಿ ಪಕ್ಕದ ಹೊಲದಲ್ಲೇ ಆ-ಬಾನ್ ಅಜ್ಜಿಯ ಗೆಣಸಿನ ಸೊಪ್ಪು, ಬಿದಿರಿನ ಕಳಲೆ ಬೆಳೆಯುವುದು. ಹೊಲ ಅವರ ಮೈದುನನದು. ಅವನು ತಂದಿಳಿಸಿದ್ದನ್ನು ನಮ್ಮ ಓಣಿಯಲ್ಲೇ ಇರುವ ಅಜ್ಜಿ ಕೈಗಾಡಿಯಲ್ಲಿ ತಳ್ಳಿಕೊಂಡು ಬಂದು ಮಾರುಕಟ್ಟೆಯ ಬಾಗಿಲಲ್ಲಿ ಕೂರುತ್ತಾರೆ. ಅಂದರೆ ಸೊಪ್ಪು ಬೆಳೆಯುವ ಮಣ್ಣಿನ ಮೇಲೆ ಕಾಂಕ್ರೀಟು ಹಾಕಿ, ಅದರ ಮೇಲೆ ಸೊಪ್ಪಿನ ಅಂಗಡಿ ಇಡುತ್ತಾರೆ. ಇಂಥ ಬುದ್ಧಿ ನಮ್ಮಂಥವರಿಗೆ ಏಳು ಜನ್ಮ ಎತ್ತಿದರೂ ಬರುವುದಿಲ್ಲ.

ಆದರೆ ಯೋಜನಾ ವಿಭಾಗದ ತುಂಗ್ ಸಾಹೇಬರು ನಮ್ಮ ಓಣಿಯಲ್ಲೇ, ನಾಲ್ಕನೆಯ ಮಹಡಿಯಲ್ಲಿ ವಾಸವಾಗಿದ್ದಾರೆ. ಮನುಷ್ಯ ಸಭೆ ತಪ್ಪಿಸಿಕೊಳ್ಳಬಹುದು, ಫೋನು ಎತ್ತದೆ ಇರಬಹುದು, ತಮ್ಮಿಂದ ತಪ್ಪಿಸಿಕೊಳ್ಳಲಾರ. ಒಂದು ಕೈಯಲ್ಲಿ ಕಸದ ಚೀಲ, ಇನ್ನೊಂದರಲ್ಲಿ ಅಡುಗೆಮನೆಯ ಎಂಜಲಿನ ಬಕೆಟ್ಟು ಹಿಡಿದು ಇಳಿದು ಬಂದ ಅವರನ್ನು ನಾವು ದಿನಾ ಸಂಜೆ ಹಿಡಿದುಕೊಂಡೆವು.

"ಎಲ್ರಿಗೂ ಕಾರ್ ನಿಲ್ಸೋಕೆ ಜಾಗ ಆಗುತ್ತೆ ಅಜ್ಜಿ, ಒಳ್ಳೇದೇ ಅಲ್ವಾ?" ಎಂದರು ಮೊದಲ ದಿನ.

"ನಿಲ್ಸಿ ಎಲ್ಲಿಗೆ ಹೋಗೋದಪ್ಪಾ? ಮಾರ್ಕೆಟ್ಟೇ ಇರಲ್ವಲ್ಲ," ಎಂದರು ಆ-ಬಾನ್ ಅಜ್ಜಿ.

"ಹೊಸ ಮಾರ್ಕೆಟ್ಟಿಗೆ ಬಸ್ ಬಿಡ್ತೀವಿ."

"ನನ್ನ ಕೈಗಾಡಿಗೆ ಟಿಕೆಟ್ ಯಾರು ತಗೋತಾರೆ, ನೀನಾ? ಈ ಓಣಿ ಮುದುಕೀರೆಲ್ಲ ನಡ್ಕೊಂಡ್ ಬಂದು ನನ್ ಹತ್ರ ಸೊಪ್ಪು ತಗೊಳ್ಳೋರು. ಅಷ್ಟು ದೂರ ಅವ್ರೂ ಬರಲ್ಲ, ನಾನೂ ಹೋಗಲ್ಲ. ಮನೇಲಿ ಕೂತು ಗೋಡೆ ನೋಡ್ಬೇಕು, ಅಷ್ಟೆ."

ಸಾಹೇಬರು ಉತ್ತರ ಹುಡುಕುವಷ್ಟರಲ್ಲಿ ತಾವು ಬಂದಿರಿ, ಅವರು ಬದುಕಿಕೊಂಡರು. ಹೀಗೆ ಪ್ರತಿ ಸಂಜೆಯೂ ಅವರನ್ನು ಕಾಪಾಡಿದ ಪುಣ್ಯ ತಮ್ಮದೇ. ಆದರೂ ತುಂಡು ತುಂಡಾಗಿ ನಮ್ಮ ಮಾತು ಮುಂದುವರಿಯಿತು. ಮಾರುಕಟ್ಟೆ ಇದ್ದಲ್ಲೇ ಇರಲಿ, ಸೋರುವ ಮಾಡು ತೆಗೆದು ಅದರ ಮೇಲೆ ಬಾಡಿಗೆ ಮನೆಗಳನ್ನು ಕಟ್ಟಿ, ಹೊಸದಾಗಿ ಮದುವೆಯಾದವರು ಬಂದು ಇರಲಿ, ಹೊಲ ಹೊಲವಾಗಿಯೇ ಉಳಿಯಲಿ ಎಂಬಲ್ಲಿಗೆ ಓಣಿಯವರೆಲ್ಲ ಬಂದು ಮುಟ್ಟಿದೆವು. ಕೊನೆಗೆ ಸಾಹೇಬರು ಸೋತು, ಮಾರುಕಟ್ಟೆಯ ಮಾಡಿನಡಿಯಲ್ಲೇ ಒಂದು ಸಂಜೆ ಇನ್ನೊಂದು ಸಭೆ ಕರೆದರು.

ಇಲ್ಲಿಂದ ಮುಂದೆ ತಮ್ಮ ಅಪರಾಧದ ಕಥೆ. ಓಣಿಗೆ ಓಣಿಯೇ ಬಂದು ಕೂತಿತ್ತು. ಕಟ್ಟಡ ಕಟ್ಟುವ ಕಂಪನಿಯಿಂದ ಬಂದ ಯುವಕನೊಬ್ಬ ಬಣ್ಣದ ಚಿತ್ರಗಳನ್ನು ತೋರಿಸುತ್ತಾ, ನಿಲ್ಲಿಸುವವರಿಲ್ಲದೆ ಮಾತಾಡಿದ. ಅವನು ಮುಗಿಸಿದ ಮೇಲೆ, ಮಾರುಕಟ್ಟೆ ಇಲ್ಲೇ ಉಳಿಯಬೇಕೆನ್ನುವವರು ಕೈ ಎತ್ತಿ ಎಂದು ಸಾಹೇಬರು ಹೇಳುವುದಕ್ಕೂ ಬೀದಿಯ ಕೊನೆಯಲ್ಲಿ ತಮ್ಮ ರಾಗ ಕೇಳುವುದಕ್ಕೂ ಸರಿಹೋಯಿತು. ಒಂದೇ ಒಂದು ಕೈ ಮೇಲೇಳಲಿಲ್ಲ. ಓಣಿಯೆಲ್ಲ ಎದ್ದು, ಬೆಂಚು ಉರುಳಿಸಿ, ಚೀಲ ತರಲು ಮನೆಗಳಿಗೆ ಓಡಿತು. ನಾನೂ ಓಡಿದೆ, ಸುಳ್ಳೇಕೆ ಹೇಳಲಿ. ಬೇರೆ ಊರಿನವನಾದ ಆ ಯುವಕನೊಬ್ಬನೇ ಖಾಲಿ ಬೆಂಚುಗಳ ನಡುವೆ ನಗುತ್ತಾ ನಿಂತಿದ್ದ. ಈ ಸಲ ಯಾರ ಬೆಂಬಲವೂ ಇಲ್ಲವೆಂದು ಬರೆದುಕೊಳ್ಳುತ್ತಾರಲ್ಲ ಎಂದುಕೊಳ್ಳುತ್ತಲೇ ನಾನು ಚೀಲದ ಬಾಯಿ ಕಟ್ಟಿದೆ.

ಆದರೆ ತಮ್ಮ ಹಿಂದೆ ಬಂದು ನೋಡಿದರೆ ಸಾಹೇಬರೂ ಚೀಲ, ಬಕೆಟ್ಟು ಸಮೇತ ಅಲ್ಲೇ ಏದುಸಿರು ಬಿಡುತ್ತಿದ್ದರು.

"ಈಗ ಕೇಳಪ್ಪ," ಎಂದರು ಆ-ಬಾನ್ ಅಜ್ಜಿ, ದಾರಿಗೆ ಅಡ್ಡ ನಿಂತು.

"ಇಲ್ಲೇನಾ? ಲಾರಿ ಹಿಂದೇನಾ?"

"ಎಲ್ರೂ ಇಲ್ಲೇ ಇದೀವಲ್ಲ. ಇನ್ನೆಲ್ಲಿ ಕೇಳ್ತೀಯ?"

ಅವರು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಕೈಯಲ್ಲಿದ್ದುದನ್ನು ನೆಲಕ್ಕಿಡುವಂತಿಲ್ಲವಲ್ಲ, ಓಣಿಯವರೆಲ್ಲ ಚೀಲಗಳನ್ನೇ ಮೇಲೆತ್ತಿದರು. ಬೀದಿದೀಪದ ಕೆಳಗೆ ಅಷ್ಟು ಚೀಲಗಳು ತಲೆಯ ಮೇಲೆ ಎದ್ದು ನಿಂತದ್ದನ್ನು ಕಂಡು ನನಗೆ ಅಳು ಬಂತು, ವಾಸನೆಗೆ ಮೂಗನ್ನೂ ತೋಳಿಗೆ ಒತ್ತಿಕೊಂಡೆ. "ಏನಮ್ಮಾ, ಕಸ ಹಾಕ್ತೀರೋ ಮೆರವಣಿಗೆ ಮಾಡ್ತೀರೋ?" ಎಂದು ತಮ್ಮ ಚಾಲಕ ಕೂಗಿದ, ಆದರೆ ಲಾರಿ ಬಿಡಲಿಲ್ಲ. ಸಾಹೇಬರು ಎಲ್ಲ ಚೀಲ ಎಣಿಸಿ ಮುಗಿಸುವವರೆಗೂ ತಾವು ನಿಂತಿರಿ. ಎಣಿಸಿದ ಮೇಲೆ ಅವರು ಕೈಯಲ್ಲಿದ್ದ ಬಕೆಟ್ಟನ್ನೂ ಎತ್ತಿದರು.

ಯೋಜನೆ ಈಗ ಕಚೇರಿಗೆ ವಾಪಸಾಗಿದೆ. ಮಾರುಕಟ್ಟೆಯ ಮೇಲೆ ಮನೆಗಳಿರುವ ಹೊಸ ನಕ್ಷೆ ಬರೆಯುತ್ತಿದ್ದಾರೆ. ಹೊಲದಲ್ಲಿ ಗೆಣಸಿನ ಬಳ್ಳಿ ತನ್ನ ಪಾಡಿಗೆ ತಾನು ಹಬ್ಬುತ್ತಿದೆ.

ಆದ್ದರಿಂದ ಮಾನ್ಯರೇ, ಪಟ್ಟಣ ಯೋಜನಾ ಸಮಿತಿಯ ಅಧ್ಯಕ್ಷ ಪದವಿಯನ್ನು ತಾವೇ ವಹಿಸಿಕೊಳ್ಳಬೇಕೆಂದು ಬೇಡುತ್ತೇನೆ. ಅಷ್ಟು ಬಿಡುವಿಲ್ಲದಿದ್ದರೆ, ನೆಲದ ವಿಚಾರದ ಸಭೆಗಳೆಲ್ಲ ತಮ್ಮ ಹಿಂಭಾಗದಲ್ಲೇ ನಡೆಯುವಂತೆ ಅಪ್ಪಣೆ ಕೊಡಿಸಿ, ಬಣ್ಣದ ಚಿತ್ರ ತೋರಿಸುವವರ ಮಾತು ಉದ್ದವಾದಾಗ ದವಡೆಯನ್ನು ಒಮ್ಮೆ ತೆರೆದು ತೋರಿಸಬೇಕು. ಅದೂ ಆಗದಿದ್ದರೆ ದಿನಾ ಒಂದೈದು ನಿಮಿಷ ತಡವಾಗಿ ಬನ್ನಿ, ಚರಂಡಿಯ ವಿಷಯ ಇನ್ನೂ ಬಾಕಿ ಇದೆ. ಆ ಸಂಜೆ ತಾವು ಇಲ್ಲಿ ನಿಂತು ತಡ ಮಾಡಿದ್ದಕ್ಕೆ, ನಮ್ಮ ನಂತರ ತಾವು ಹೋಗುವ ಕರ್ಪೂರಮರದ ಓಣಿಯವರು ನಮ್ಮನ್ನು ಶಪಿಸುತ್ತಿದ್ದಾರೆಂದು ಕೇಳಿದೆ. ಅವರೂ ಆ ಹೊತ್ತಿನಲ್ಲಿ ಅವರ ಓಣಿಯ ಉದ್ಯಾನದ ಬಗ್ಗೆ ಮಾತಾಡಿಕೊಳ್ಳಲಿ.

ಎರಡು ಕೈಯಲ್ಲೂ ಚೀಲ ಹಿಡಿದು ಓಡಿಬರುವ,
ತಮ್ಮ ವಿಶ್ವಾಸಿ,
ಪೆಂಗ್ ಯುವೆ-ಚಿನ್

ತಾ.ಕ.: ತುಂಗ್ ಸಾಹೇಬರು ಬಕೆಟ್ಟು ಎತ್ತಿದಾಗ ಅದರೊಳಗಿನದು ಸ್ವಲ್ಪ ನನ್ನ ಭುಜದ ಮೇಲೆ ಬಿತ್ತು. ಆ-ಬಾನ್ ಅಜ್ಜಿಯ ಕಳಲೆಯ ಸಿಪ್ಪೆ, ನೋಡಿದರೆ ಗೊತ್ತಾಗುತ್ತದೆ. ಅದನ್ನು ಕೊಂಡು ತರಲು ಸಾಹೇಬರು ಕಾರಿನಲ್ಲಿ ಹೋಗಿದ್ದರೋ, ಚಪ್ಪಲಿ ಮೆಟ್ಟಿಕೊಂಡು ಇಳಿದು ಬಂದಿದ್ದರೋ, ನಾನು ಕೇಳಲಿಲ್ಲ. ನಾಳೆ ಸಂಜೆ ತಾವೇ ಕೇಳಿ.