ದಬ್ ಅಜ್ಜ ಮನೆ ಬದಲಿಸಿದ್ದು

ನಮ್ಮ ಕೆಲಸದಲ್ಲಿ ನಗು ಬರುವಂಥದ್ದು ಏನಾದರೊಂದು ಆಗದ ವಾರವೇ ಇಲ್ಲ. ನಕ್ಕ ಮೇಲೆ ಆ ದಿನ ಊಟ ಸೇರುವುದಿಲ್ಲ, ಅದು ಬೇರೆ ಮಾತು. ದುಬೈ, ಅಬುಧಾಬಿ ಕಡೆ ಯಾರಾದರೂ ಹೊಸ ಬಡಾವಣೆ ಕಟ್ಟಲು ಅರ್ಜಿ ಹಾಕಿದರೆ, ಆ ಜಾಗದಲ್ಲಿ ಯಾವ ಗಿಡ, ಯಾವ ಪ್ರಾಣಿ ಇದೆ ಎಂದು ನೋಡಿ ವರದಿ ಬರೆಯುವುದು ನನ್ನ ಉದ್ಯೋಗ. ಈಚೆಗೆ ಹಣ ಹಾಕುವವರು ಇನ್ನೊಂದು ಷರತ್ತು ಸೇರಿಸಿದ್ದಾರೆ. ಕಟ್ಟಿ ಮುಗಿದ ಮೇಲೆ ಅಲ್ಲಿ ಮೊದಲಿಗಿಂತ ಹೆಚ್ಚು ಜೀವ ಇರಬೇಕಂತೆ, ಪ್ರಕೃತಿಗೆ ಲಾಭವೇ ಆಗಬೇಕಂತೆ. ಹಿಂದೆ ಉಡುಪಿಯಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವಾಗ ಮಕ್ಕಳಿಗೆ ಕಪ್ಪೆ ಕೊಯ್ದು ತೋರಿಸುತ್ತಿದ್ದೆ. ಆದರೆ ಅದರಿಂದ ಕಪ್ಪೆಗೆ ಲಾಭವಾಯಿತು ಎಂದು ಒಂದು ದಿನವೂ ಹೇಳಿದವಳಲ್ಲ.

ನನ್ನ ಜೊತೆ ಸೈಟಿಗೆ ಬರುವವರು ನಮ್ಮ ಕಂಪನಿಯ ಪಿಕಪ್ ಓಡಿಸುವ ಕಾಕ. ಸುರತ್ಕಲ್ ಕಡೆಯ ಬ್ಯಾರಿ, ದುಬೈಯ ಸತ್ವಾದಲ್ಲಿ ವಾಸ. ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು ಇಲ್ಲಿಯೂ ‘ಬಾಯಮ್ಮ’ ಎಂದೇ ಕರೆಯುತ್ತಾರೆ.

ಖಾಲಿ ಜಾಗ

ಒಂದು ವಿಲ್ಲಾ ಯೋಜನೆಯ ಮ್ಯಾನೇಜರು ನಮ್ಮನ್ನು ಜಾಗ ತೋರಿಸಲು ಕರೆದುಕೊಂಡು ಹೋದ. ಮರಳಿನ ಮೇಲೆ ನಿಂತು ಎರಡೂ ಕೈ ಚಾಚಿದ. “ನೋಡಿ ಮೇಡಂ, ಇಲ್ಲಿ ಏನೂ ಇಲ್ಲ. ಹಾಗೇ ಬರೆದು ಖಲಾಸ್ ಮಾಡಿ.”

ಅವನ ಬೂಟಿನ ಹಿಂದೆಯೇ ಒಂದು ಬಿಲವಿತ್ತು. ಅದರಿಂದ ಒಂದು ದಬ್ ತಲೆ ಹೊರಗೆ ಹಾಕಿತು. ದಬ್ ಅಂದರೆ ಮುಳ್ಳುಬಾಲದ ದೊಡ್ಡ ಹಲ್ಲಿ. ನೋಡಲು ನಮ್ಮ ಉಡದ ಹಾಗೆ, ತಿನ್ನುವುದು ಮಾತ್ರ ಸೊಪ್ಪು. ಆ ಜಾಗದ ತುಂಬ ಅವುಗಳ ಬಿಲಗಳೇ. ಹೊರಗೆ ಬಂದದ್ದು ಎಲ್ಲಕ್ಕಿಂತ ದೊಡ್ಡದು, ಬಾಲದ ತುದಿ ಮುರಿದಿತ್ತು, ಕುತ್ತಿಗೆಯ ಚರ್ಮ ಜೋತುಬಿದ್ದಿತ್ತು. ಕಾಕ ಅದಕ್ಕೆ ಅಲ್ಲೇ ‘ಅಜ್ಜ’ ಎಂದು ಹೆಸರಿಟ್ಟರು. ನನಗೂ ಆ ಮುದಿ ಪ್ರಾಣಿಯ ಮೇಲೆ ಅಂದಿನಿಂದ ಒಂಥರಾ ಜೀವ. ಬುಲ್ಡೋಜರ್ ಬರುವ ಮೊದಲು ಅದನ್ನೂ ಅದರ ಸಂಸಾರವನ್ನೂ ಉಳಿಸಬೇಕೆಂದು ಮನಸ್ಸಿನಲ್ಲೇ ಹಟ ಹಿಡಿದೆ.

ಮ್ಯಾನೇಜರು ತಿರುಗಿ ನೋಡಿದ. ಅಜ್ಜನೂ ಅವನನ್ನು ನೋಡಿದ.

“ಇದು ನಮ್ಮದಲ್ಲ ಮೇಡಂ,” ಎಂದ, “ಪಕ್ಕದ ಪ್ಲಾಟಿನದ್ದು.”

ಪಕ್ಕದಲ್ಲಿದ್ದದ್ದು ಹೆದ್ದಾರಿ.

ಮರಕ್ಕೆ ನೀರು

ಅದೇ ಜಾಗದಲ್ಲಿ ಒಂದು ಹಳೆಯ ಗಾಫ್ ಮರವಿತ್ತು. ನಾವು ಬನ್ನಿ ಅನ್ನುವುದೂ ಇದನ್ನೇ. ಇಲ್ಲಿ ಅದನ್ನು ಕಡಿಯುವ ಹಾಗಿಲ್ಲ. ಹಾಗಾಗಿ ಕ್ರೇನಿನಲ್ಲಿ ಕಿತ್ತು ತಂದು ಬಡಾವಣೆಯ ಗೇಟಿನ ಎದುರು ನೆಟ್ಟರು. ಬೇರು ಎಷ್ಟೋ ಆಳದಲ್ಲಿತ್ತು, ಅದು ಅಲ್ಲೇ ಉಳಿಯಿತು. ಮೇಲಿನ ಮರ ಕೆಲವೇ ವಾರದಲ್ಲಿ ಒಣಗಿ ಕಡ್ಡಿಯಾಯಿತು. ಆದರೂ ಬೆಳಿಗ್ಗೆ ಸಂಜೆ ಪೈಪಿನಲ್ಲಿ ನೀರು ಬಿಡುತ್ತಲೇ ಇದ್ದರು.

ತೋಟದ ಉಸ್ತುವಾರಿ ನೋಡುವವನಿಗೆ ಹೇಳಿದೆ, “ಮರ ಸತ್ತಿದೆ.”

“ಗೊತ್ತು.”

“ಮತ್ತೆ ನೀರು ಯಾಕೆ?”

“ತೆಗೆಯಬೇಕಾದರೆ ಪರ್ಮಿಷನ್ ಬೇಕು. ಪರ್ಮಿಷನ್ ಕೇಳಿದರೆ ಸತ್ತದ್ದು ಗೊತ್ತಾಗುತ್ತದೆ. ನೀರು ಬಿಡುತ್ತಾ ಇದ್ದರೆ ಮರ ಇದೆ ಅಂತ ಲೆಕ್ಕ.”

ಕಾಕ ಪಿಕಪ್ ಹತ್ತುವಾಗ ಇನ್ನೊಮ್ಮೆ ಆ ಮರವನ್ನು ನೋಡಿದರು. “ಬದುಕಿರುವಾಗ ಯಾರ ಹತ್ರವೂ ಒಂದು ಹನಿ ಕೇಳಿದ್ದಲ್ಲ ಅದು ಬಾಯಮ್ಮ. ಈಗ ನೋಡಿ, ದಿನಕ್ಕೆ ಎರಡು ಹೊತ್ತು ಉಪಚಾರ.”

ಕಂಚಿನ ದಬ್

ದಬ್‌ಗಳ ವಿಷಯಕ್ಕೆ ಮೀಟಿಂಗ್ ಕರೆದರು. ಹುಲ್ಲುಹಾಸು, ಬೋಗನ್‌ವಿಲ್ಲಾ, ಕೊಳದ ಬಣ್ಣದ ಮೀನು, ಎಲ್ಲ ಕೂಡಿಸಿ ಪ್ರಕೃತಿಗೆ ಭಾರೀ ಲಾಭ ಎಂದು ಪರದೆಯ ಮೇಲೆ ತೋರಿಸಿದರು. “ದಬ್ ಹುಲ್ಲುಹಾಸಿನಲ್ಲಿ ಬದುಕುವುದಿಲ್ಲ, ಅದಕ್ಕೆ ಒಣ ಮರಳು ಬೇಕು. ಒಂದು ಮೂಲೆ ಹಾಗೇ ಬಿಡಿ,” ಎಂದೆ. ಆ ಮೂಲೆಯಲ್ಲಿ ಈಜುಕೊಳ ಬರುತ್ತದಂತೆ.

ಕೊನೆಗೆ ಎಲ್ಲರೂ ಒಪ್ಪಿದ್ದು ಎರಡು ಮಾತಿಗೆ. ಜೀವ ಇರುವ ದಬ್‌ಗಳನ್ನು ದೂರದ ಸುರಕ್ಷಿತ ಜಾಗಕ್ಕೆ ಬಿಡುವುದು. ಅವುಗಳ ನೆನಪಿಗೆ ಗೇಟಿನಲ್ಲಿ ಒಂದು ಕಂಚಿನ ದಬ್ ನಿಲ್ಲಿಸುವುದು. ಮ್ಯಾನೇಜರಿಗೆ ಎರಡನೆಯದೇ ಹೆಚ್ಚು ಹಿಡಿಸಿತು. “ಇದು ಬಿಲ ತೋಡುವುದಿಲ್ಲ,” ಎಂದ.

ಹೊಸ ಮನೆಗೆ ಸ್ವಾಗತ

ಹಿಡಿದು ಸಾಗಿಸುವ ದಿನ ಬಂತು. ಒಂದೊಂದಕ್ಕೂ ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಚಿಪ್ ಹಾಕಿದೆವು, ಮುಂದೆ ಸಿಕ್ಕರೆ ಗುರುತಿಸಬೇಕಲ್ಲ. ಅಜ್ಜ ನನ್ನ ಗ್ಲೌಸ್ ಕಚ್ಚಿ ಹಿಡಿದವನು ಬಿಡಲೇ ಇಲ್ಲ, ಗ್ಲೌಸಿನ ಸಮೇತ ಪೆಟ್ಟಿಗೆಗೆ ಹಾಕಿದೆ. ಅವಕ್ಕೆ ತಂಪು ಆಗುವುದಿಲ್ಲ ಎಂದು ಕಾಕ ಎ.ಸಿ. ಬಂದ್ ಮಾಡಿ, ಬೆವರು ಒರೆಸಿಕೊಳ್ಳುತ್ತ ಅಷ್ಟು ದೂರ ಗಾಡಿ ಓಡಿಸಿದರು.

ಅಲ್ಲಿ ಕಂಪನಿಯ ಫೋಟೋಗ್ರಾಫರ್ ಮೊದಲೇ ಬಂದು ‘ಹೊಸ ಮನೆಗೆ ಸ್ವಾಗತ’ ಎಂಬ ಬ್ಯಾನರ್ ಕಟ್ಟಿದ್ದ. ಪೆಟ್ಟಿಗೆ ತೆರೆದೆ. ನಾವು ತೋಡಿಟ್ಟ ಬಿಲಕ್ಕೆ ಅಜ್ಜ ಹೋಗಲಿಲ್ಲ. ಬಂದ ದಾರಿಯ ಕಡೆ ಮುಖ ಮಾಡಿ ನಿಂತು, ಹೆದರಿಕೆಯಿಂದ ಬಾಲವನ್ನು ಅತ್ತಿತ್ತ ಬೀಸಿ ಹೊಡೆಯತೊಡಗಿದ.

ಮರುದಿನ ಫೋಟೋ ಬಂತು. ಕೆಳಗೆ ಬರೆದಿದ್ದರು: ‘ಸಂತೋಷದಿಂದ ಬಾಲ ಅಲ್ಲಾಡಿಸುತ್ತಿರುವ ದಬ್.’

ಎರಡು ಸಲ ಲಾಭ

ಎರಡು ವರ್ಷ ಕಳೆದ ಮೇಲೆ ಇನ್ನೊಂದು ಬಡಾವಣೆಯ ಅರ್ಜಿ ಬಂತು. ಕಾಕ ಗಾಡಿ ನಿಲ್ಲಿಸಿ ಸುತ್ತ ನೋಡಿದರು. “ಬಾಯಮ್ಮ, ಇದು ನಾವು ಅಜ್ಜನನ್ನು ಬಿಟ್ಟ ಜಾಗ ಅಲ್ವಾ?”

ಅದೇ ಸುರಕ್ಷಿತ ಜಾಗ.

ವಾರಗಟ್ಟಲೆ ಹುಡುಕಿದೆವು. ಬಿಲಗಳಲ್ಲಿ ಮರಳು ತುಂಬಿತ್ತು. ಅಷ್ಟೂ ದಬ್‌ಗಳಲ್ಲಿ ಬದುಕಿ ಸಿಕ್ಕಿದ್ದು ಒಂದೇ. ಚಿಪ್ ಓದುವ ಯಂತ್ರ ಬೆನ್ನಿನ ಹತ್ತಿರ ಹಿಡಿದಾಗ ಪೀಂ ಎಂದಿತು. ಮುರಿದ ಬಾಲ ನೋಡಿ ನನಗೆ ಮೊದಲೇ ಗೊತ್ತಾಗಿತ್ತು. ಅಲ್ಲೇ ಮರಳಿನ ಮೇಲೆ ಕೂತು ಅತ್ತುಬಿಟ್ಟೆ. ಕಾಕ ಬೇರೆ ಕಡೆ ನೋಡುತ್ತ ನಿಂತರು.

ಹೊಸ ಬಡಾವಣೆಯವನು ಬಹಳ ಮರ್ಯಾದಸ್ಥ. ಸಮಾಧಾನದಿಂದ ಹೇಳಿದ, “ಮೇಡಂ, ಇದು ಈ ಜಾಗದ ಪ್ರಾಣಿ ಅಲ್ಲ. ಹೊರಗಿಂದ ಬಂದದ್ದು, ನೀವೇ ತಂದದ್ದು. ಇದು ಹೋದರೆ ನಮ್ಮ ಲೆಕ್ಕದಲ್ಲಿ ನಷ್ಟ ಅಲ್ಲ. ಅದರ ಊರಿಗೇ ಕಳಿಸಿ.”

ಅದರ ಊರಿಗೆ ಫೋನ್ ಮಾಡಿದೆ. ಹಳೆಯ ಮ್ಯಾನೇಜರಿಗೆ ಖುಷಿಯೋ ಖುಷಿ. ಕಂಚಿನ ದಬ್ ನೋಡಿದ ವಿಲ್ಲಾದ ಮಕ್ಕಳು ನಿಜವಾದದ್ದು ಎಲ್ಲಿ ಎಂದು ಕೇಳುತ್ತಿದ್ದರಂತೆ. ಮೂರ್ತಿಯ ಹತ್ತಿರ ನಾಲ್ಕು ಹೆಜ್ಜೆ ಮರಳು ಹಾಕಿ ಬೇಲಿ ಕಟ್ಟಿಸುತ್ತೇನೆ, ತನ್ನಿ ಎಂದ. ಅವನ ಲೆಕ್ಕ ಹೀಗಿತ್ತು: ಮೊದಲು ದಬ್‌ಗಳು ಸಾಯಲಿಲ್ಲ, ಬೇರೆ ಕಡೆ ಹೋದವು, ಹಾಗಾಗಿ ನಷ್ಟವಿಲ್ಲ. ಈಗ ಒಂದು ವಾಪಸ್ ಬಂತು, ಹಾಗಾಗಿ ಲಾಭ.

ಅಜ್ಜನ ಸಂಸಾರ ಪೂರ್ತಿ ನಿರ್ನಾಮವಾಗಿತ್ತು. ಎರಡೂ ಬಡಾವಣೆಗಳು ಪಾಸಾದವು.

ಗೇಟು

ಅಜ್ಜನನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಅವನು ಹುಟ್ಟಿದ ಜಾಗಕ್ಕೆ ಹೋದೆವು. ಗೇಟಿನಲ್ಲಿ ಸತ್ತ ಮರಕ್ಕೆ ನೀರು ಹೋಗುತ್ತಿತ್ತು. ಅದರ ಪಕ್ಕ ಕಂಚಿನ ದಬ್ ಹೊಳೆಯುತ್ತಿತ್ತು. ಕಾವಲಿನವನು ಗಾಡಿಯೊಳಗೆ ಇಣುಕಿದ. ಹೊಸಬ, ನಿಯಮ ಬಿಟ್ಟು ಕದಲುವವನಲ್ಲ.

“ನೀವಿಬ್ಬರು ವಿಸಿಟರ್, ಸರಿ. ಪೆಟ್ಟಿಗೆಯಲ್ಲಿ ಯಾರು?” ಎಂದು ಹಿಂದಿಯಲ್ಲಿ ಕೇಳಿದ.

“ದಬ್,” ಎಂದರು ಕಾಕ.

“ರೆಸಿಡೆಂಟಾ, ವಿಸಿಟರಾ?”

ಕಾಕನಿಗೆ ರೇಗಿತು. “ರೆಸಿಡೆಂಟ್. ಇಲ್ಲೇ ಹುಟ್ಟಿದ್ದು. ನೀನು, ನಾನು, ಈ ಗೇಟು, ಎಲ್ಲದಕ್ಕಿಂತ ಮೊದಲಿನಿಂದ ಇಲ್ಲೇ ಇದ್ದದ್ದು.”

“ಹಾಗಾದರೆ ವಿಲ್ಲಾ ನಂಬರ್ ಹೇಳಿ.”

ಕಾಕ ನನ್ನ ಮುಖ ನೋಡಿದರು. ಅಜ್ಜನ ಬಿಲ ಇದ್ದ ಕಡೆ ಮಕ್ಕಳು ಈಜುಕೊಳಕ್ಕೆ ಹಾರುವ ಸದ್ದು ಕೇಳಿಸುತ್ತಿತ್ತು.

ಕಾವಲಿನವನು ತನ್ನ ಪಟ್ಟಿಯ ಮೇಲೆ ಬೆರಳಾಡಿಸಿದ. ಪಾಪ, ಒಳ್ಳೆಯವನೇ. ಮೂರನೆಯ ವಿಸಿಟರ್ ಪಾಸ್ ಹರಿದು ಪೆಟ್ಟಿಗೆಯ ಮೇಲಿಟ್ಟು, ಗೇಟು ಎತ್ತಿದ.

“ಸಂಜೆ ಆರಕ್ಕೆ ಮೊದಲು ಹೊರಗೆ ಬರಬೇಕು,” ಎಂದ, “ಮೂವರೂ.”