ಭಾವನ ಬಾಕ್ಸಿಂಗ್ ಗ್ಲೌಸು

ನಮ್ಮ ಭಾವ ಜೀವಮಾನದಲ್ಲಿ ಒಂದು ನೊಣಕ್ಕೂ ಹೊಡೆದವರಲ್ಲ. ಆದರೂ ಅರವತ್ತರ ದಶಕದ ಕೊನೆಯಲ್ಲಿ ಹುಣಸೂರಿಗೆ ಬಂದು ‘ಬಾಕ್ಸರ್ ಮನೆ ಯಾವುದು’ ಎಂದು ಕೇಳಿದರೆ, ಜಟಕಾದವನು ಸೀದಾ ತಂದು ಇಳಿಸುತ್ತಿದ್ದುದು ಇವರ ಬಾಗಿಲಿಗೇ. ಹೊಗೆಸೊಪ್ಪಿನ ಮಂಡಿಯಲ್ಲಿ ಗುಮಾಸ್ತರು. ಊದಿದರೆ ಹಾರಿಹೋಗುವಂಥ ಆಳು. ನಾನು ಆಗ ಅಲ್ಲಿಯ ಸ್ಕೂಲಿನಲ್ಲಿ ಟೀಚರಾಗಿ ಅಕ್ಕನ ಮನೆಯಲ್ಲೇ ಇದ್ದುದರಿಂದ ಎಲ್ಲವನ್ನೂ ಕಣ್ಣಾರೆ ಕಂಡೆ.

ಮಡಿಕೇರಿಯಲ್ಲಿ ಮಿಲಿಟರಿಯವರ ಪಂದ್ಯವೊಂದನ್ನು ನೋಡಿಬಂದದ್ದೇ ಈ ಹುಚ್ಚಿಗೆ ಮೂಲ. ಮುಂದಿನ ಭಾನುವಾರ ಅಕ್ಕನನ್ನೂ ನನ್ನನ್ನೂ ಕಟ್ಟಿಕೊಂಡು ಮತ್ತೆ ಮಡಿಕೇರಿ ಬಸ್ಸು ಹತ್ತಿದರು. ಅಲ್ಲಿ ರಿಟೈರಾದ ಹವಾಲ್ದಾರರೊಬ್ಬರು ಹಳೆಯ ಗ್ಲೌಸು ಮಾರುತ್ತಿದ್ದರು. ನಾಲ್ಕು ಜೊತೆ ಮುಂದಿಟ್ಟರು. ಭಾವ ಒಂದೊಂದನ್ನೂ ಹಿಚುಕಿದರು, ಹೊಲಿಗೆ ಎಳೆದರು, ಒಳಗೆ ಮೂಗಿಟ್ಟು ಮೂಸಿದರು, ತಮ್ಮ ಕೆನ್ನೆಗೇ ಮೆಲ್ಲಗೆ ಗುದ್ದಿಕೊಂಡು ನೋಡಿದರು. ಅರ್ಧ ದಿನ ಕಳೆಯಿತು.

“ಹೆಣ್ಣು ನೋಡೋದಕ್ಕೂ ಇಷ್ಟು ಹೊತ್ತು ಬೇಡ ಮಾರಾಯ್ರೇ,” ಎಂದರು ಹವಾಲ್ದಾರರು.

“ನನ್ ನೋಡಕ್ ಬಂದಾಗ ಉಪ್ಪಿಟ್ಟು ಮುಗಿಯೋದ್ರೊಳ್ಗೇ ಒಪ್ಕಂಡಿದ್ರು ಬುಡಿ,” ಎಂದಳು ಅಕ್ಕ.

ಬಳಸಿದ ಮೇಲೆ ಬೆವರು ಒರೆಸಬೇಕು, ಬಿಸಿಲಿಗೆ ಹಾಕಬಾರದು, ಒಳಗೆ ಪೇಪರ್ ತುರುಕಿಡಬೇಕು, ಚರ್ಮ ಬಿರಿಯದಂತೆ ಒಂಚೂರು ಎಣ್ಣೆ ಸವರಬೇಕು ಎಂದು ಹವಾಲ್ದಾರರು ಹೇಳಿ ಕಳಿಸಿದರು. ಭಾವನಿಗೆ ಅದು ವ್ರತವಾಯಿತು. ಬೆವರೇ ಇರಲಿಲ್ಲ, ಆದರೂ ದಿನಾ ಒರೆಸುತ್ತಿದ್ದರು. ಶನಿವಾರ ಶನಿವಾರ ಹರಳೆಣ್ಣೆಯ ಅಭ್ಯಂಜನ ಬೇರೆ.

“ನನ್ ತಲೆ ಅರಳೆಣ್ಣೆ ಕಂಡು ತಿಂಗ್ಳಾಯ್ತು ಕಣ್ರೀ.”

“ನಿನ್ ತಲೆ ಬಿರ್ಕು ಬುಡಕ್ಕಿಲ್ಲ ಕಣೆ. ಚರ್ಮ ಬುಡ್ತದೆ.”

ಗ್ಲೌಸು ಬಂದ ಮೇಲೆ ಗುದ್ದಲು ಚೀಲ ಬೇಡವೇ? ಗೋಣಿಚೀಲಕ್ಕೆ ಮರಳು ತುಂಬಿದರು, ಮೊದಲ ಗುದ್ದಿಗೇ ಮಣಿಕಟ್ಟು ಊದಿತು. ರಾಗಿಹೊಟ್ಟು ತುಂಬಿದರು, ಕೇರಿಯ ಕೋಳಿಗಳೆಲ್ಲ ಬಂದು ಸೇರಿದವು. ಕೊನೆಗೆ ಮಂಡಿಯಿಂದ ಹೊಗೆಸೊಪ್ಪಿನ ಪುಡಿಯನ್ನೇ ತಂದು ತುಂಬಿ, ಜಗುಲಿಯ ತೊಲೆಗೆ ತೂಗುಹಾಕಿ, ಕಣ್ಣು ಮುಚ್ಚಿ ಒಂದು ಬಿಟ್ಟರು. ಇಡೀ ಬೀದಿ ಸೀನಿತು. ಬೆಟ್ಟದಪುರಕ್ಕೆ ಹೊರಟಿದ್ದ ಎದುರುಮನೆಯವರು ಅಪಶಕುನಕ್ಕೆ ಹೆದರಿ ಎರಡು ಬಸ್ಸು ಬಿಟ್ಟರು.

ಸುದ್ದಿ ಪಿರಿಯಾಪಟ್ಟಣಕ್ಕೂ ಮುಟ್ಟಿ, ಅಲ್ಲಿನ ಗರಡಿಯ ಪೈಲ್ವಾನನೊಬ್ಬ ಬಂದು ಜಗುಲಿಯ ಮುಂದೆ ತೊಡೆ ತಟ್ಟಿದ.

“ಬನ್ನಿ ಸ್ವಾಮಿ, ಒಂದ್ ಕೈ ನೋಡೇಬುಡವ.”

ಭಾವ ಅವನ ಮುಖವನ್ನೇ ಬಹಳ ಹೊತ್ತು ದಿಟ್ಟಿಸಿದರು. “ಬ್ಯಾಡಿ. ನಿಮ್ ದವಡೆ ಶ್ಯಾನೆ ಗಟ್ಟಿ ಅದೆ. ಗ್ಲೌಸಿಗೆ ಪೆಟ್ಟಾಯ್ತದೆ.”

ಪೈಲ್ವಾನ ಕಾಫಿ ಕುಡಿದು, ಗರಡಿಯ ಗದೆಗೂ ಹರಳೆಣ್ಣೆ ಹಚ್ಚಬಹುದೇ ಎಂದು ವಿಚಾರಿಸಿಕೊಂಡು ಹೋದ.

ಅದೇ ವರ್ಷ, ಬಸುರಿಗೆ ಏಳು ತಿಂಗಳು ತುಂಬಿದ್ದಾಗ, ಅಕ್ಕನ ಹೊಟ್ಟೆಯಲ್ಲೇ ಮಗು ಹೋಯಿತು. ಅವಳು ಅಳಲಿಲ್ಲ. ಮಾತೂ ಆಡಲಿಲ್ಲ. ತಟ್ಟೆ ಮುಂದಿಟ್ಟರೆ ಎರಡು ಅಗುಳು ಕೆದಕಿ ಏಳುತ್ತಿದ್ದಳು. ಬಂದವರೆಲ್ಲ ಸಮಾಧಾನ ಹೇಳಿ ಹೋದರು. ಎರಡು ತಿಂಗಳು ಹೀಗೇ ಕಳೆದ ಮೇಲೆ ಒಂದು ಬೆಳಿಗ್ಗೆ ಭಾವ ಚೀಲವನ್ನು ಇಳಿಸಿ, ಒಳಗಿದ್ದುದನ್ನೆಲ್ಲ ಹಿತ್ತಿಲಿಗೆ ಸುರಿದು, ಹಳೆಯ ಮೆತ್ತನೆ ಬಟ್ಟೆ ತುಂಬಿ ಮತ್ತೆ ಕಟ್ಟಿದರು. ಅಕ್ಕನನ್ನು ಕೈಹಿಡಿದು ಕರೆತಂದು, ಗ್ಲೌಸು ತೊಡಿಸಿ ದಾರ ಬಿಗಿದರು. ಚೀಲದ ಹಿಂದೆ ನಿಂತು ಅದನ್ನು ತಬ್ಬಿ ಹಿಡಿದು, “ಹೊಡಿ,” ಎಂದರು.

“ಯಾರ್ಗೆ?” ಎಂದಳು ಅಕ್ಕ.

“ಯಾರ್ಗ್ ಹೊಡೀಬೇಕು ಅನ್ನುಸ್ತದೋ ಅವ್ರಿಗೆ.”

ಅಕ್ಕ ಸುಮ್ಮನೆ ಒಮ್ಮೆ ತಟ್ಟಿದಳು. ಇನ್ನೊಮ್ಮೆ ಹೊಡೆದಳು. ಆಮೇಲೆ ನಿಲ್ಲಿಸಲೇ ಇಲ್ಲ. ಹೊಡೆಯುತ್ತ ಹೊಡೆಯುತ್ತ ಅಳು ಒಡೆಯಿತು. ಕೆಲವು ಗುದ್ದು ಚೀಲ ತಪ್ಪಿ ಭಾವನ ಭುಜಕ್ಕೆ ಬಿದ್ದವು. ಅವರು ಕದಲಲಿಲ್ಲ.

ಕೊನೆಗೆ ಅಕ್ಕ ಜಗುಲಿಯ ಮೇಲೆ ಕುಸಿದು ಕುಳಿತು, “ಒಟ್ಟೆ ಅಸೀತದೆ ಕಣ್ರೀ,” ಎಂದಳು.

ಭಾವ ದಾರ ಬಿಚ್ಚುವಷ್ಟು ಹೊತ್ತೂ ಕಾಯಲಿಲ್ಲ. ಒಳಗೆ ಓಡಿಹೋಗಿ ಮೊಸರನ್ನ ಕಲಸಿ ತಂದು, ಬೀದಿಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದ ಹಾಗೆಯೇ, ತುತ್ತು ಮಾಡಿ ಮಾಡಿ ಅವಳ ಬಾಯಿಗಿಟ್ಟರು.